ಸೈಕಲ್ ತುಳಿದು ಮಂಡಿ ನೋವೇ? ಸ್ಕ್ಯಾನಿಂಗ್‌ಗೆ ಮುಂಚೆ ಸೀಟು ನೋಡಿ

ಮಂಡಿ ನೋವಿನ ಪತ್ರಗಳು ಯಾವಾಗಲೂ ಬರುತ್ತವೆ. ಈ ಸಲ ಅವುಗಳಲ್ಲಿ ನಾಲ್ಕು ಸೈಕಲ್ ತುಳಿಯುವವರದು. ಹಾಗಾಗಿ ಒಟ್ಟಿಗೇ ತೆಗೆದುಕೊಂಡಿದ್ದೇನೆ. ನಾನು ಫಿಸಿಯೋಥೆರಪಿ ಮಾಡುವವನು, ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುವವನೂ ಹೌದು. ಇಂಥವರು ಕ್ಲಿನಿಕ್‌ಗೆ ಬಂದರೆ "ಸೈಕಲ್ ತಂದಿದ್ದೀರಾ?" ಅಂತಲೇ ಮೊದಲು ಕೇಳುತ್ತೇನೆ. ತುಂಬಾ ಜನ ತಂದಿರುವುದಿಲ್ಲ. ಎಕ್ಸ್‌ರೇ ತಂದಿರುತ್ತಾರೆ.

ಪ್ರಶ್ನೆ: ಸರ್, ನನಗೆ 36 ವರ್ಷ, ಯಲಹಂಕದಲ್ಲಿದ್ದೇನೆ. ನಾಲ್ಕು ತಿಂಗಳ ಹಿಂದೆ ಗೇರ್ ಸೈಕಲ್ ತೆಗೆದುಕೊಂಡೆ. ವಾರವೆಲ್ಲ ಕೂತು ಮಾಡುವ ಕೆಲಸ. ಭಾನುವಾರ ಮಾತ್ರ ನಂದಿ ಬೆಟ್ಟ. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಬಲ ಮಂಡಿಚಿಪ್ಪಿನ ಸುತ್ತ ನೋವು ಶುರುವಾಗುತ್ತದೆ. ಮಾರನೇ ದಿನ ಮೆಟ್ಟಿಲು ಇಳಿಯುವಾಗ ಜಾಸ್ತಿ. ಎಲ್ಲೂ ಬಿದ್ದಿಲ್ಲ, ಊತ ಇಲ್ಲ. ಎಂಆರ್‌ಐ ಮಾಡಿಸಬೇಕಾ? ಸೈಕಲ್ ಬಿಡಬೇಕಾ?

ಸದ್ಯಕ್ಕೆ ಎರಡೂ ಬೇಡ. ಬಿದ್ದಿಲ್ಲ, ಊತ ಇಲ್ಲ ಅಂದಮೇಲೆ ಎಂಆರ್‌ಐಗೆ ದುಡ್ಡು ಸುರಿಯುವ ಮುಂಚೆ ಮನೆಯಲ್ಲೇ ಮಾಡಬಹುದಾದ ಕೆಲಸ ಬಹಳ ಇದೆ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗವಾದದ್ದು ನೋವಿನ ಜಾಗ. ಮಂಡಿಯ ಮುಂದೆ, ಚಿಪ್ಪಿನ ಸುತ್ತ ನೋವಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಿರುತ್ತದೆ, ಇಲ್ಲವೇ ಗೇರ್ ಭಾರ ಆಗಿರುತ್ತದೆ. ಮಂಡಿಯ ಹಿಂದೆ ಇದ್ದರೆ ಸೀಟು ಎತ್ತರ ಜಾಸ್ತಿ. ಪಕ್ಕದಲ್ಲಿದ್ದರೆ ಪಾದ ಪೆಡಲ್ ಮೇಲೆ ಹೇಗೆ ಕೂತಿದೆ ಅಂತ ನೋಡಬೇಕು. ಪ್ರತಿ ಸಲವೂ ಹೀಗೇ ಅಂತ ಅಲ್ಲ. ಆದರೆ ಹುಡುಕಲು ಶುರು ಮಾಡುವುದಕ್ಕೆ ಇಷ್ಟು ಸಾಕು.

ಮಂಡಿ ಮಡಚಿದಷ್ಟೂ ಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ಮಡಚಿದ ಸ್ಥಿತಿಯಲ್ಲೇ ಜೋರಾಗಿ ತುಳಿದರೆ ಆ ಒತ್ತಡ ಇನ್ನೂ ಏರುತ್ತದೆ. ಮೆಟ್ಟಿಲು ಇಳಿಯುವಾಗ ನೋವು ಜಾಸ್ತಿ ಆಗುವುದೂ ಇದಕ್ಕೇ. ಈಗ ಲೆಕ್ಕ ಹಾಕಿ. ನಿಮಿಷಕ್ಕೆ 80 ಸುತ್ತು ತುಳಿದರೆ ಒಂದು ಗಂಟೆಯಲ್ಲಿ ಒಂದೊಂದು ಮಂಡಿಯೂ 4,800 ಸಲ ಮಡಚಿ ಬಿಚ್ಚುತ್ತದೆ. ಸೀಟು ಎರಡು ಸೆಂಟಿಮೀಟರ್ ತಗ್ಗಿದ್ದರೆ ಒಂದು ಸಲಕ್ಕೆ ಏನೂ ಗೊತ್ತಾಗುವುದಿಲ್ಲ. ಅಷ್ಟು ಸಲ ಆದಮೇಲೆ ಗೊತ್ತಾಗುತ್ತದೆ.

ನಮ್ಮಲ್ಲಿ ಸೀಟು ತಗ್ಗಿರುವುದೇ ಹೆಚ್ಚು. ಕಾರಣ ಸಿಗ್ನಲ್. ಸೀಟಿನ ಮೇಲೆ ಕೂತೇ ಎರಡೂ ಕಾಲು ನೆಲಕ್ಕೆ ಊರಬೇಕು ಅಂತ ನಾವು ಚಿಕ್ಕಂದಿನಲ್ಲೇ ಕಲಿತುಬಿಟ್ಟಿದ್ದೇವೆ. ಅಂಗಡಿಯವರೂ ಹಾಗೇ ಇಳಿಸಿ ಕೊಡುತ್ತಾರೆ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ಒಂದು ಕಾಲು ಊರುವುದನ್ನು ಅಭ್ಯಾಸ ಮಾಡಿಕೊಳ್ಳಿ. ಆಗ ಸೀಟನ್ನು ಕಾಲಿನ ಅಳತೆಗೆ ಇಡಬಹುದು.

ಅಳತೆ ನೋಡುವುದು ಸುಲಭ. ಸೈಕಲ್ಲನ್ನು ಗೋಡೆ ಪಕ್ಕ ನಿಲ್ಲಿಸಿ, ಒಂದು ಕೈ ಗೋಡೆಗೆ ಕೊಟ್ಟು ಹತ್ತಿ ಕೂತುಕೊಳ್ಳಿ. ಸೈಕಲ್ ತುಳಿಯುವಾಗ ಹಾಕುವ ಶೂನೇ ಹಾಕಿರಬೇಕು. ಪೆಡಲ್ ಅತ್ಯಂತ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗೆ ಆಗಬೇಕು, ಆದರೆ ಸೊಂಟ ಆ ಕಡೆಗೆ ವಾಲಬಾರದು. ಆಮೇಲೆ ತುಳಿಯುವಾಗ ಇಡುವ ಹಾಗೆ ಪಾದದ ಮುಂಭಾಗ ಇಟ್ಟರೆ ಮಂಡಿ ತಾನಾಗಿಯೇ ಸ್ವಲ್ಪ ಮಡಚುತ್ತದೆ. ಆ ಮಡಿಕೆ 25ರಿಂದ 35 ಡಿಗ್ರಿ ಇದ್ದರೆ ಒಳ್ಳೆಯದು. ಪಕ್ಕದಿಂದ ಮನೆಯವರ ಕೈಲಿ ಒಂದು ಫೋಟೋ ತೆಗೆಸಿಕೊಂಡರೆ ನಿಮಗೇ ಕಾಣುತ್ತದೆ.

ಸೀಟು ಏರಿಸಬೇಕಾಗಿ ಬಂದರೆ ಮೊದಲು ಸೀಟ್ ಪೋಸ್ಟ್‌ಗೆ, ಅದು ಫ್ರೇಮಿನ ಒಳಗೆ ಹೋಗುವ ಜಾಗದಲ್ಲಿ, ಇನ್ಸುಲೇಷನ್ ಟೇಪ್ ಸುತ್ತಿ. ವಾಪಸ್ ಬರಲು ಗುರುತು ಬೇಕಲ್ಲ. ಒಂದು ಸಲಕ್ಕೆ 5 ಮಿಲಿಮೀಟರ್ ಸಾಕು. ಎರಡು ಮೂರು ಸಲ ತುಳಿದು ನೋಡಿ ಮತ್ತೆ 5. ನಾನು ಒಮ್ಮೆ ಇದೇ ವಿದ್ಯೆಯನ್ನು ನನ್ನ ಮೇಲೆ ಪ್ರಯೋಗಿಸಿಕೊಳ್ಳುವಾಗ ಆತುರಪಟ್ಟು ಒಂದೇ ಸಲಕ್ಕೆ ಮೂರು ಸೆಂಟಿಮೀಟರ್ ಏರಿಸಿದೆ. ಮಂಡಿಯ ಮುಂಭಾಗದ ನೋವೇನೋ ಹೋಯಿತು. ನಲವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಮಂಡಿಯ ಹಿಂಭಾಗದಲ್ಲಿ ನೋವು ಬಂತು. ಟೇಪ್ ಸುತ್ತಿರಲಿಲ್ಲ, ಹಳೆಯ ಎತ್ತರವೂ ನೆನಪಿರಲಿಲ್ಲ. ಇನ್ನೊಂದು ವಿಷಯ, ಸೀಟ್ ಪೋಸ್ಟ್ ಮೇಲೆ ಕೊರೆದ ಗೆರೆ ಇರುತ್ತದೆ. ಅದು ಹೊರಗೆ ಕಾಣುವಷ್ಟು ಎಳೆಯಬೇಡಿ, ಪೋಸ್ಟೋ ಫ್ರೇಮೋ ಮುರಿಯಬಹುದು.

ಸೀಟು ಸರಿಯಿದ್ದೂ ನೋವಿದ್ದರೆ ಗೇರ್ ನೋಡಿ. ನಂದಿ ಬೆಟ್ಟದ ತುದಿ 1,478 ಮೀಟರ್ ಎತ್ತರದಲ್ಲಿದೆ. ಬುಡದಿಂದ ಏರು ಹೆಚ್ಚುಕಡಿಮೆ ಎಂಟು ಕಿಲೋಮೀಟರ್, ತಿರುವಿನ ಮೇಲೆ ತಿರುವು. ಅಲ್ಲಿ ಭಾರದ ಗೇರ್ ಹಾಕಿ, ಹಲ್ಲು ಕಚ್ಚಿ, ಒಂದೊಂದೇ ಪೆಡಲ್ ಒತ್ತುತ್ತಾ ಹೋಗುವವರನ್ನು ಪ್ರತಿ ವಾರ ನೋಡುತ್ತೇನೆ. ಅದು ಸೈಕಲ್ ಮೇಲೆ ಕೂತು ಬಸ್ಕಿ ಹೊಡೆದ ಹಾಗೆ. ಮುಂದೆ ಚಿಕ್ಕ ಹಲ್ಲುಚಕ್ರ, ಹಿಂದೆ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ತನ್ನಿ, ಅದೂ ಏರು ಶುರುವಾಗುವ ಮುಂಚೆಯೇ. ಬಲ ಮಂಡಿ 15 ಸೆಕೆಂಡಿನಲ್ಲಿ ಎಷ್ಟು ಸಲ ಮೇಲೆ ಬಂತು ಅಂತ ಎಣಿಸಿ. 20 ಬಂದರೆ ನಿಮಿಷಕ್ಕೆ 80, ಮಟ್ಟ ರಸ್ತೆಗೆ ಅಷ್ಟು ಬೇಕು. ಏರಿನಲ್ಲಿ 60ಕ್ಕಿಂತ ಕೆಳಗೆ ಬೀಳದಂತೆ ನೋಡಿಕೊಳ್ಳಿ. ಅತಿ ಹಗುರದ ಗೇರಿನಲ್ಲೂ ಬೀಳುತ್ತಿದ್ದರೆ ಹಿಂದಿನ ಕ್ಯಾಸೆಟ್‌ನ (ಹಿಂಗಾಲಿಯ ಹಲ್ಲುಚಕ್ರಗಳ ಗುಂಪಿನ) ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು ಅಂತ ನೋಡಿ. 28 ಇದ್ದರೆ 32 ಅಥವಾ 34ರದ್ದು ಹಾಕಿಸಬಹುದಾ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಡಿರೈಲರ್ ಅಂದರೆ ಚೈನನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಭಾಗ, ಎಲ್ಲ ಡಿರೈಲರ್‌ಗೂ ಅಷ್ಟು ದೊಡ್ಡದು ಹಿಡಿಸುವುದಿಲ್ಲ. ಹಿಡಿಸಿದರೆ, ಎಂಆರ್‌ಐಗೆ ಇಟ್ಟ ದುಡ್ಡು ಅದಕ್ಕೆ ಹಾಕಿ ಅನ್ನುತ್ತೇನೆ.

ಇನ್ನು ನಿಮ್ಮ ವಾರದ ಲೆಕ್ಕ. ಆರು ದಿನ ಕುರ್ಚಿ, ಏಳನೇ ದಿನ ನಂದಿ. ಮೂರು ಭಾನುವಾರ ಬೆಟ್ಟಕ್ಕೆ ರಜೆ ಕೊಡಿ, ಸೈಕಲ್‌ಗೆ ಬೇಡ. ವಾರದ ಮಧ್ಯೆ ಎರಡು ದಿನ ಅರ್ಧ ಗಂಟೆ, ಭಾನುವಾರ ಒಂದು ಗಂಟೆ, ಮಟ್ಟ ರಸ್ತೆಯಲ್ಲಿ ಹಗುರ ಗೇರಿನಲ್ಲಿ ತುಳಿಯಿರಿ. ಹತ್ತಕ್ಕೆ ಮೂರರಷ್ಟು ನೋವು ಬಂದು, ಮಾರನೇ ಬೆಳಿಗ್ಗೆಗೆ ಹೋಗಿದ್ದರೆ ಹೆದರಬೇಡಿ. ಮಾರನೇ ದಿನವೂ ಉಳಿದರೆ ಅವತ್ತು ತುಳಿದದ್ದು ಜಾಸ್ತಿ ಆಯಿತು ಅಂತ ಅರ್ಥ. ತುಳಿದು ಬಂದಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಟ್ಟರೆ ಹಾಯ್ ಎನಿಸುತ್ತದೆ, ಅಷ್ಟೇ. ಅದು ರಿಪೇರಿ ಮಾಡುವುದಿಲ್ಲ.

ರಿಪೇರಿ ಮಾಡುವುದು ತೊಡೆ ಮತ್ತು ಪಿರ್ರೆಯ ಸ್ನಾಯುಗಳು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು, ಒಂದು ಮೆಟ್ಟಿಲ ಮೇಲೆ ನಿಂತು ಇನ್ನೊಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಕುವಷ್ಟು ನಿಧಾನ ಇಳಿಯುವುದು. ಈ ಮೂರು ಸಾಕು. ಹನ್ನೆರಡು ಹನ್ನೆರಡರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಮೆಟ್ಟಿಲು ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಿ. ವಾಲಿದರೆ ಇನ್ನೂ ಚಿಕ್ಕ ಮೆಟ್ಟಿಲು ಹಿಡಿಯಿರಿ. ಎರಡು ವಾರಕ್ಕೆ ಫಲ ಕಾಣಲಿಲ್ಲ ಅಂತ ಬಿಡಬೇಡಿ, ಸ್ನಾಯು ಗಟ್ಟಿಯಾಗಲು ಎರಡು ಮೂರು ತಿಂಗಳು ಬೇಕು.

ಮಂಡಿ ಊದಿದರೆ, ಮಡಚಿದ್ದು ಬಿಚ್ಚದೆ ಸಿಕ್ಕಿಕೊಂಡರೆ, ನಡೆಯುವಾಗ ಕುಸಿದ ಹಾಗಾದರೆ, ರಾತ್ರಿ ನೋವಿಗೆ ಎಚ್ಚರವಾದರೆ ಈ ಉತ್ತರ ಮಡಚಿಟ್ಟು ಮೂಳೆ ಡಾಕ್ಟರ ಹತ್ತಿರ ಹೋಗಿ. ಮಂಡಿ ಬಿಸಿಯಾಗಿ ಕೆಂಪಗಾಗಿ ಜ್ವರ ಬಂದರೆ, ಅಥವಾ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅವತ್ತೇ ಹೋಗಬೇಕು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 64 ವರ್ಷ, ದಾವಣಗೆರೆ. ಎರಡೂ ಮಂಡಿ ಸವೆದಿದೆ ಅಂತ ಎಕ್ಸ್‌ರೇಯಲ್ಲಿ ಬಂದಿದೆ. ಕೆಲಸದಲ್ಲಿದ್ದಾಗ ದಿನಾ ಸೈಕಲ್ ತುಳಿದವನು. ಮತ್ತೆ ಶುರು ಮಾಡೋಣ ಅಂದರೆ ಮಗ "ಇರೋ ಮಂಡಿನೂ ಹೋಗುತ್ತೆ" ಅಂತ ಬೈಯುತ್ತಾನೆ.

ಮೇಷ್ಟ್ರೇ, ಈ ವಿಷಯದಲ್ಲಿ ನಾನು ನಿಮ್ಮ ಕಡೆ. ಸವೆತ ಇದ್ದವರಿಗೆ ನಾವೇ ಸೈಕಲ್ ತುಳಿಯಲು ಹೇಳುತ್ತೇವೆ. ನಡೆಯುವಾಗ ಮೈಭಾರ ಮಂಡಿ ಮೇಲೆ, ಸೈಕಲ್‌ನಲ್ಲಿ ಬಹುಪಾಲು ಸೀಟಿನ ಮೇಲೆ. ಮೂಳೆ ತುದಿಯ ಮೆತ್ತೆಗೆ ರಕ್ತನಾಳ ಇಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಊಟ. ಮಂಡಿ ಆಡುತ್ತಿದ್ದರೆ ಆ ದ್ರವ ಎಲ್ಲ ಕಡೆ ಸೇರುತ್ತದೆ. ಮಗನಿಗೆ ಇದನ್ನು ಪಾಠ ಮಾಡಿದ ಹಾಗೆ ಹೇಳಿ.

ಶುರು ಮಾಡುವ ಮುಂಚೆ ಒಂದು ಪರೀಕ್ಷೆ. ಪೆಡಲ್ ಪೂರ್ತಿ ಸುತ್ತಲು ಮಂಡಿ ಸುಮಾರು 110 ಡಿಗ್ರಿ ಮಡಚಬೇಕು. ಕುರ್ಚಿಯಲ್ಲಿ ಕೂತು ಪಾದವನ್ನು ಕುರ್ಚಿಯ ಕೆಳಗೆ ಹಿಂದಕ್ಕೆ ಎಳೆದುಕೊಳ್ಳಲು ಆಗುತ್ತದಾ ನೋಡಿ. ಆದರೆ ಸರಿ. ಆಗದಿದ್ದರೆ ಮೊದಲು ಫಿಸಿಯೋ ಹತ್ತಿರ ಹೋಗಿ ಮಡಿಕೆ ಬರಿಸಿಕೊಳ್ಳಿ.

ಹಳೆಯ ದೊಡ್ಡ ಸೈಕಲ್ಲೇ ಬೇಕು ಅಂತ ಹಟ ಬೇಡ. ಮಂಡಿ ನೋವಿದ್ದವರಿಗೆ ತುಳಿಯುವುದಕ್ಕಿಂತ ಬಾರ್ ದಾಟಿ ಹತ್ತಿ ಇಳಿಯುವುದೇ ಕಷ್ಟ, ಬೀಳುವುದೂ ಆಗಲೇ. ಬಾರ್ ಇಲ್ಲದ ಲೇಡೀಸ್ ಸೈಕಲ್ ತೆಗೆದುಕೊಳ್ಳಿ. ನೋಡುವವರು ನಗಲಿ ಬಿಡಿ. ಮೊದಲ ವಾರ ಬೆಳಿಗ್ಗೆ ಹತ್ತು ನಿಮಿಷ, ಖಾಲಿ ರಸ್ತೆ. ಏರು ಬಂದರೆ, ಗೇರ್ ಇಲ್ಲದ ಸೈಕಲ್ ಆದ್ದರಿಂದ, ಇಳಿದು ತಳ್ಳಿಕೊಂಡು ಹೋಗಿ. ವಾರಕ್ಕೆ ಐದು ನಿಮಿಷ ಸೇರಿಸುತ್ತಾ ಅರ್ಧ ಗಂಟೆಗೆ ಬನ್ನಿ. ಮೊದಲ ಐದು ನಿಮಿಷ ಮಂಡಿ ಹಿಡಿದ ಹಾಗಿದ್ದು ಆಮೇಲೆ ಸಡಿಲವಾಗುವುದು ಸಹಜ.

ಒಂದನ್ನು ಮಾತ್ರ ಮಾಡಬೇಡಿ. ತುಳಿಯಲು ಹೋಗುವ ಮುಂಚೆ ನೋವಿನ ಮಾತ್ರೆ ನುಂಗುವುದು. ನೋವು ಗೊತ್ತಾಗದೆ ಜಾಸ್ತಿ ತುಳಿಯುತ್ತೀರಿ. ಅದೂ ಅಲ್ಲದೆ ಈ ವಯಸ್ಸಿನಲ್ಲಿ ಆ ಮಾತ್ರೆಗಳು ಹೊಟ್ಟೆ, ಕಿಡ್ನಿ, ಬಿಪಿ ಮೂರಕ್ಕೂ ತೊಂದರೆ ಕೊಡಬಹುದು. ಡಾಕ್ಟರನ್ನು ಕೇಳದೆ ದಿನಾ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಸರ್, ಮೈಸೂರಿನಿಂದ ಬರೆಯುತ್ತಿದ್ದೇನೆ. 29 ವರ್ಷ. ಮುಂದಿನ ತಿಂಗಳು ಮೊದಲ 200 ಕಿಲೋಮೀಟರ್ ಬ್ರೆವೆ (ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ). ಎರಡು ತಿಂಗಳ ಹಿಂದೆ ಕ್ಲೀಟ್ (ಪೆಡಲ್‌ಗೆ ಕಚ್ಚಿಕೊಳ್ಳುವ, ಶೂ ಅಡಿಯ ತುಂಡು) ಇರುವ ಶೂ ಹಾಕಲು ಶುರು ಮಾಡಿದೆ, ಕೆಂಪು ಕ್ಲೀಟ್. 60 ಕಿಲೋಮೀಟರ್ ಆದಮೇಲೆ ಎಡ ಮಂಡಿಯ ಹೊರಪಕ್ಕ ಚುಚ್ಚುತ್ತದೆ. ನಿಲ್ಲಿಸಿದರೆ ಹೋಗುತ್ತದೆ.

ಅನುಮಾನ ನೇರವಾಗಿ ಆ ಕೆಂಪು ಕ್ಲೀಟ್ ಮೇಲೆ. ಶಿಮಾನೋ ಕಂಪನಿಯ ರೋಡ್ ಕ್ಲೀಟ್‌ಗಳಲ್ಲಿ ಹಳದಿಗೆ 6 ಡಿಗ್ರಿ ಆಟ ಇದೆ, ನೀಲಿಗೆ 2, ಕೆಂಪಿಗೆ ಸೊನ್ನೆ. ಅಂದರೆ ಕೆಂಪಿನಲ್ಲಿ ಪಾದ ಒಂದೇ ಕೋನದಲ್ಲಿ ಕಚ್ಚಿಕೊಂಡಿರುತ್ತದೆ. ಆ ಕೋನ ನಿಮ್ಮ ಕಾಲಿಗೆ ಒಗ್ಗದಿದ್ದರೆ ತಿರುಚುವ ಒತ್ತಡವೆಲ್ಲ ಮಂಡಿಗೆ ಹೋಗುತ್ತದೆ. ತೊಡೆಯ ಹೊರಗಿನ ಪಟ್ಟಿ ಮಂಡಿಯ ಹತ್ತಿರ ಕೆರಳುತ್ತದೆ. ನೀವು ಹೇಳುವ ಚುಚ್ಚು ಅದರದ್ದೇ ಇರಬಹುದು.

ಹಳದಿಗೆ ಬದಲಾಯಿಸಿ. ಕಟ್ಟುವ ಮುಂಚೆ ಎತ್ತರದ ಮೇಜಿನ ಮೇಲೆ ಕೂತು ಕಾಲು ಇಳಿಬಿಡಿ. ಪಾದಗಳು ತಾವಾಗಿಯೇ ಯಾವ ಕಡೆಗೆ ತಿರುಗಿವೆ ನೋಡಿ, ಕ್ಲೀಟ್ ಅದೇ ದಿಕ್ಕಿಗೆ ಹೊಂದಿಸಿ. ಎಡ ಬಲ ಒಂದೇ ಥರ ಇರಲೇಬೇಕು ಅಂತಿಲ್ಲ. ಹಳೆಯ ಜಾಗದ ಸುತ್ತ ಶೂ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದಿಟ್ಟುಕೊಳ್ಳಿ. ಹಾಗೇ ಗೆಳತಿಯೊಬ್ಬರಿಗೆ ಹಿಂದಿನಿಂದ ವಿಡಿಯೋ ತೆಗೆಯಲು ಹೇಳಿ. ಸೊಂಟ ಆ ಕಡೆ ಈ ಕಡೆ ಆಡುತ್ತಿದ್ದರೆ ಸೀಟು 5 ಮಿಲಿಮೀಟರ್ ಇಳಿಸಿ. ಆದರೆ ಎರಡನ್ನೂ ಒಂದೇ ದಿನ ಮಾಡಬೇಡಿ, ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.

ಬ್ರೆವೆಗೆ 13 ಗಂಟೆ 30 ನಿಮಿಷ ಕೊಡುತ್ತಾರೆ. ಗಂಟೆಗೆ 15 ಕಿಲೋಮೀಟರ್ ಬಿದ್ದರೂ ಮುಗಿಯುತ್ತದೆ, ಓಡಬೇಕಾಗಿಲ್ಲ. ಆದರೂ ಅದಕ್ಕೆ ಎರಡು ವಾರ ಮೊದಲು 80 ಕಿಲೋಮೀಟರ್ ನೋವಿಲ್ಲದೆ ಆಗದಿದ್ದರೆ ಈ ಸಲ ಬಿಡಿ. ಬ್ರೆವೆ ವರ್ಷವಿಡೀ ಇರುತ್ತವೆ. ಕೆರಳಿದ ಪಟ್ಟಿಯ ಮೇಲೆ 200 ತುಳಿದರೆ ಮತ್ತೆ ತಿಂಗಳುಗಟ್ಟಲೆ ಕೂರಬೇಕಾದೀತು.

ಪ್ರಶ್ನೆ: ತಿಪಟೂರು ಹತ್ತಿರದ ಹಳ್ಳಿ. ಮಗನಿಗೆ 13 ವರ್ಷ. ದಿನಾ ಆರು ಕಿಲೋಮೀಟರ್ ಸೈಕಲ್‌ನಲ್ಲಿ ಸ್ಕೂಲಿಗೆ ಹೋಗುತ್ತಾನೆ, ಸಂಜೆ ಕಬಡ್ಡಿ. ಮಂಡಿಯ ಕೆಳಗೆ ಮೂಳೆ ಉಬ್ಬಿ ಬಂದಿದೆ, ಮುಟ್ಟಿದರೆ ನೋವು ಅನ್ನುತ್ತಾನೆ. ಹೆದರಿಕೆ ಆಗಿದೆ ಸರ್.

ಮೇಡಂ, ಬೆಳೆಯುವ ಮಕ್ಕಳಲ್ಲಿ ಇದು ಸಾಮಾನ್ಯ. ಓಸ್‌ಗುಡ್-ಶ್ಲ್ಯಾಟರ್ ಅನ್ನುತ್ತಾರೆ, ಹೆಸರು ಕೇಳಿ ಗಾಬರಿ ಬೇಡ. ಮೂಳೆ ಬೇಗ ಉದ್ದ ಆಗುವ ವಯಸ್ಸು. ತೊಡೆಯ ಸ್ನಾಯು ಬಂದು ಅಂಟಿಕೊಳ್ಳುವ ಜಾಗವನ್ನು ಅದು ಎಳೆದೂ ಎಳೆದೂ ಅಲ್ಲಿ ಉಬ್ಬು ಬರುತ್ತದೆ. ಬೆಳವಣಿಗೆ ನಿಂತಮೇಲೆ ನೋವು ಹೋಗುತ್ತದೆ. ಉಬ್ಬು ಉಳಿದರೂ ತೊಂದರೆ ಇಲ್ಲ. ಎಣ್ಣೆ ಹಚ್ಚಿ ಅದನ್ನು ಒತ್ತಿ ತಿಕ್ಕಿಸಬೇಡಿ.

ನೋವು ಜಾಸ್ತಿ ಇರುವ ವಾರಗಳಲ್ಲಿ ಕಬಡ್ಡಿ, ಕುಪ್ಪಳಿಸುವ ಆಟ ಕಡಿಮೆ ಮಾಡಿಸಿ. ಸೈಕಲ್ ಪೂರ್ತಿ ಬಿಡಿಸುವುದು ಬೇಡ, ಸೀಟು ಏರಿಸಿ. ಈ ವಯಸ್ಸಿನಲ್ಲಿ ಹುಡುಗರು ಎದ್ದು ನೋಡುವಷ್ಟರಲ್ಲಿ ಉದ್ದ ಆಗಿರುತ್ತಾರೆ, ಸೀಟು ಮಾತ್ರ ಹೋದ ವರ್ಷದ ಎತ್ತರದಲ್ಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ನೋಡಿ. ಒಂದು ಸಲ ಡಾಕ್ಟರಿಗೆ ತೋರಿಸಿ. ಕುಂಟುತ್ತಿದ್ದರೆ, ತೊಡೆಸಂದಿಯಲ್ಲೂ ನೋವು ಅಂದರೆ ತಡ ಮಾಡಬೇಡಿ. ಮಕ್ಕಳಲ್ಲಿ ಸೊಂಟದ ಕೀಲಿನ ತೊಂದರೆ ಎಷ್ಟೋ ಸಲ ಮಂಡಿ ನೋವಾಗಿಯೇ ಕಾಣಿಸುತ್ತದೆ.

ಮತ್ತೆ, ಕ್ಯಾರಿಯರ್ ಮೇಲೆ ಗೆಳೆಯನನ್ನು ಕೂರಿಸಿಕೊಂಡು ಬರುತ್ತಾನಾ ಅಂತ ಮೆಲ್ಲಗೆ ವಿಚಾರಿಸಿ. ಕೇಳಿದರೆ ಇಲ್ಲ ಅನ್ನುತ್ತಾನೆ. ಸ್ಕೂಲು ಬಿಡುವ ಹೊತ್ತಿಗೆ ರಸ್ತೆಗೆ ಹೋಗಿ ನೋಡಿ.