ಫೋನ್ ತೋರಿಸಿದರೆ ಸ್ಕ್ಯಾನರ್ ಯಾಕೆ ಸುಮ್ಮನಿರುತ್ತದೆ?

ಪ್ರಶ್ನೆ: ದೊಡ್ಡ ಅಂಗಡಿಯ ಕೌಂಟರ್‌ನಲ್ಲಿ ಸಾಮಾನನ್ನು ಗಾಜಿನ ಮೇಲೆ ಹೇಗೆ ಎಳೆದರೂ ಬೀಪ್ ಅನ್ನುತ್ತದೆ. ಚಿಕ್ಕ ಅಂಗಡಿಯಲ್ಲಿ ಕೈಯಲ್ಲಿ ಹಿಡಿಯುವ ಸ್ಕ್ಯಾನರ್‌ನ ಕೆಂಪು ಗೆರೆಯನ್ನು ಸರಿಯಾಗಿ ಅಡ್ಡಕ್ಕೆ ಕೂರಿಸಬೇಕು. ಆ ಕೈ ಸ್ಕ್ಯಾನರ್‌ಗೇ ನನ್ನ ಫೋನ್‌ನಲ್ಲಿದ್ದ ಕೂಪನ್ ತೋರಿಸಿದರೆ ಓದಲೇ ಇಲ್ಲ. ಎಲ್ಲದರ ಕೆಲಸ ಒಂದೇ ಅಲ್ವಾ?

ಉತ್ತರ: ಕೆಲಸ ಒಂದೇ, ಮಾಡುವ ರೀತಿ ಬೇರೆ. ನಿಮ್ಮ ಕೂಪನ್ ಓದದೇ ಇದ್ದದ್ದು ಲೇಸರ್ ಸ್ಕ್ಯಾನರ್ ಇರಬೇಕು. ನಿಜ ಹೇಳಬೇಕೆಂದರೆ ಅಲ್ಲಿ ಗೆರೆಯೇ ಇಲ್ಲ, ಇರುವುದು ಒಂದು ಚುಕ್ಕೆ ಬೆಳಕು. ಒಳಗಿನ ಪುಟ್ಟ ಕನ್ನಡಿ ಅಲ್ಲಾಡುತ್ತಾ ಆ ಚುಕ್ಕೆಯನ್ನು ಎಷ್ಟು ಬೇಗ ಅತ್ತಿತ್ತ ಓಡಿಸುತ್ತದೆ ಅಂದರೆ ನಮ್ಮ ಕಣ್ಣಿಗೆ ಗೆರೆಯಾಗಿ ಕಾಣುತ್ತದೆ. ಚುಕ್ಕೆ ಬಿಳಿ ಜಾಗದ ಮೇಲೆ ಹೋದಾಗ ಬೆಳಕು ಚೆದುರಿ ವಾಪಸ್ ಬರುತ್ತದೆ, ಕಪ್ಪು ಪಟ್ಟಿ ಅದನ್ನು ನುಂಗಿಬಿಡುತ್ತದೆ. ಬೆಳಕು ಎಷ್ಟು ಹೊತ್ತು ಬಂತು, ಎಷ್ಟು ಹೊತ್ತು ಬರಲಿಲ್ಲ ಅನ್ನುವುದರಿಂದಲೇ ಪಟ್ಟಿಗಳ ಅಗಲ ಗೊತ್ತಾಗುತ್ತದೆ. (ಬಿಳಿ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಬಾರ್‌ಕೋಡ್ ಅಚ್ಚು ಹಾಕಿ ನೋಡಿ. ಕೆಂಪು ಬೆಳಕಿಗೆ ಕೆಂಪು ಪಟ್ಟಿಯೂ ಬಿಳಿಯೇ, ಓದುವುದಿಲ್ಲ!)

ಫೋನ್ ಪರದೆಯಲ್ಲಿ ಕಾಣುವ ಬಿಳಿ ಹಾಗಲ್ಲ. ಅದು ಪರದೆಯ ಸ್ವಂತ ಬೆಳಕು, ಲೇಸರನ್ನು ಕಾಗದದ ಥರ ಚೆದುರಿಸಿ ಕಳಿಸುವುದಿಲ್ಲ. ಮೇಲಿನ ನಯವಾದ ಗಾಜಂತೂ ಬಿದ್ದ ಬೆಳಕನ್ನು ಕನ್ನಡಿಯ ಹಾಗೆ ಬೇರೆ ಕಡೆಗೆ ತಿರುಗಿಸಿಬಿಡುತ್ತದೆ. ಬ್ರೈಟ್‌ನೆಸ್ ಜಾಸ್ತಿ ಮಾಡಿದರೂ ಅಷ್ಟೇನೂ ಪ್ರಯೋಜನವಿಲ್ಲ.

ಗಾಜಿನ ಕೌಂಟರ್‌ನಲ್ಲೂ ಸಾಮಾನ್ಯವಾಗಿ ಲೇಸರೇ. ಆದರೆ ಅಲ್ಲಿ ತಿರುಗುವ ಕನ್ನಡಿ ಮತ್ತು ಸುತ್ತ ಕೂರಿಸಿದ ಇನ್ನಷ್ಟು ಕನ್ನಡಿಗಳು ಸೇರಿ ಬಲೆಯ ಹಾಗೆ ಹತ್ತಾರು ಗೆರೆ ಎಳೆಯುತ್ತವೆ, ಅವುಗಳಲ್ಲಿ ಯಾವುದಾದರೂ ಒಂದು ಪಟ್ಟಿಗಳನ್ನೆಲ್ಲ ದಾಟಿ ಹೋದರೆ ಸಾಕು. ತಲೆಕೆಳಗಾದರೂ ಚಿಂತೆಯಿಲ್ಲ, ಯಾಕೆಂದರೆ ಕೋಡಿನ ಎಡ ಅರ್ಧ ಮತ್ತು ಬಲ ಅರ್ಧ ಬೇರೆ ಬೇರೆ ರೀತಿ ಬರೆದಿರುತ್ತವೆ, ಯಾವ ತುದಿಯಿಂದ ಓದಿದ್ದು ಅಂತ ಅದರಿಂದಲೇ ಗೊತ್ತಾಗುತ್ತದೆ. 1974ರ ಜೂನ್ 26ರಂದು ಅಮೆರಿಕದ ಓಹಾಯೋದ ಟ್ರಾಯ್ ಊರಿನ ಸೂಪರ್‌ಮಾರ್ಕೆಟ್‌ನಲ್ಲಿ ಮೊದಲ ಸಲ ಹೀಗೆ ಬಿಲ್ ಆಗಿದ್ದು ಒಂದು ಚೂಯಿಂಗ್ ಗಮ್ ಪ್ಯಾಕ್.

ಸಿಸಿಡಿ ಸ್ಕ್ಯಾನರ್ ಅಂತ ಇನ್ನೊಂದಿದೆ. ಅದರಲ್ಲಿ ಅಲ್ಲಾಡುವ ಭಾಗವೇ ಇಲ್ಲ, ಎಲ್‌ಇಡಿ ಬೆಳಕು ಬಿಟ್ಟು ಸಾಲಾಗಿ ಕೂರಿಸಿದ ಸಣ್ಣ ಸಣ್ಣ ಸೆನ್ಸರ್‌ಗಳಿಂದ ಇಡೀ ಸಾಲನ್ನು ಒಟ್ಟಿಗೆ ನೋಡುತ್ತದೆ. ಕಡಿಮೆ ಬೆಲೆಯದಾದರೆ ತೀರಾ ಹತ್ತಿರ ಹಿಡಿಯಬೇಕು.

ನಿಮ್ಮ ಕೂಪನ್‌ಗೆ ಬೇಕಾದದ್ದು ಇಮೇಜರ್, ಅಂದರೆ ಕ್ಯಾಮೆರಾ ಇರುವ ಸ್ಕ್ಯಾನರ್. ಅದು ಫೋಟೋ ತೆಗೆದು ಅದರೊಳಗೆ ಕೋಡ್ ಹುಡುಕುತ್ತದೆ. ಹಾಗಾಗಿ ಪರದೆಯೂ ಸರಿ, ಓರೆಯೂ ಸರಿ, ಲೇಸರ್‌ಗೆ ಆಗದ ಕ್ಯೂಆರ್ ಕೋಡ್ ಕೂಡ ಸರಿ. ಈಗ ಹೊಸದಾಗಿ ಕೊಳ್ಳುವವರು ಇದನ್ನೇ ಕೊಳ್ಳುವುದು ಮೇಲು ಅಂತ ನನಗನ್ನಿಸುತ್ತದೆ.

ಅದಿಲ್ಲದ ಕಡೆ ಕೋಡಿನ ಕೆಳಗಿರುವ ಅಂಕಿಗಳನ್ನು ಕೈಯಲ್ಲೇ ಟೈಪ್ ಮಾಡಲು ಹೇಳಿ. ಸ್ಕ್ಯಾನರ್ ಮಾಡುವುದೂ ಸಾಮಾನ್ಯವಾಗಿ ಅಷ್ಟೇ: ಕೀಬೋರ್ಡ್ ಥರ ಅಂಕಿ ಒತ್ತಿ, ಕೊನೆಗೆ ಎಂಟರ್ ಹೊಡೆಯುತ್ತದೆ. ಬೆಲೆ ಹುಡುಕುವುದು ಕಂಪ್ಯೂಟರ್.