ದಿನಾ ಗೆಲ್ತಿದೀನಿ, ಆದ್ರೂ ಸೋತ ಹಾಗಿದೆ

ಪ್ರಶ್ನೆ: ಮೇಡಂ, ಟೀಮ್ ಲೀಡ್ ಆಗಿ ಎಂಟು ತಿಂಗಳಾಯ್ತು. ಯಾವ ಕ್ಲೈಂಟ್ ಕೂಗಾಡಿದ್ರೂ ಅವತ್ತೇ ಸರಿ ಮಾಡಿಕೊಡ್ತೀನಿ, ಒಂದು ಡೆಡ್‌ಲೈನೂ ತಪ್ಪಿಲ್ಲ. ಆದ್ರೂ ರಿವ್ಯೂನಲ್ಲಿ ಬಾಸ್ "ನಿಮಗೆ ಟ್ಯಾಕ್ಟಿಕ್ಸ್ ಬರುತ್ತೆ, ಸ್ಟ್ರಾಟೆಜಿ ಇಲ್ಲ" ಅಂದ್ಬಿಟ್ರು. ಟೀಮಲ್ಲಿ ಇಬ್ಬರು ಕೆಲಸ ಬಿಟ್ಟೂ ಹೋದ್ರು. ಹಳೇ ಪೋಸ್ಟಿಗೇ ವಾಪಸ್ ಹೋಗ್ಲಾ?

ಉತ್ತರ: ಬಾಸ್ ಮಾತು ಚುಚ್ಚಿದೆ, ಅರ್ಥ ಆಗುತ್ತೆ. ಕನ್ನಡದಲ್ಲಿ ನಾವು ಎರಡಕ್ಕೂ 'ತಂತ್ರ' ಅಂದು ಕೈತೊಳ್ಕೋತೀವಿ, ಗೊಂದಲ ಆಗದೆ ಇನ್ನೇನಾಗುತ್ತೆ ಹೇಳಿ. ಎದುರಿಗಿರೋ ಒಂದು ಕಾಳಗ ಗೆಲ್ಲೋ ಜಾಣ್ಮೆ ಟ್ಯಾಕ್ಟಿಕ್ಸ್, ಇಡೀ ಯುದ್ಧ ಗೆಲ್ಲೋಕೆ ಹಾಕೋ ದೂರದ ಲೆಕ್ಕ ಸ್ಟ್ರಾಟೆಜಿ.

ಹಳೇ ಯುದ್ಧದ ಕಥೆ ಒಂದಿದೆ. ಕ್ರಿ.ಪೂ. 216ರಲ್ಲಿ ಇಟಲಿಯ ಕ್ಯಾನೆ ಅನ್ನೋ ಕಡೆ, ಉತ್ತರ ಆಫ್ರಿಕಾದ ಕಾರ್ಥೇಜ್ ರಾಜ್ಯದ ಸೇನಾಪತಿ ಹ್ಯಾನಿಬಲ್ ತನಗಿಂತ ದೊಡ್ಡ ರೋಮನ್ ಸೈನ್ಯವನ್ನ ಸುತ್ತುಗಟ್ಟಿ ಮುಗಿಸಿಬಿಟ್ಟ, ಅವತ್ತಿನ ವ್ಯೂಹವನ್ನ ಇವತ್ತಿಗೂ ಮಿಲಿಟರಿ ಅಕಾಡೆಮಿಗಳಲ್ಲಿ ಓದ್ತಾರೆ, ಅದು ಟ್ಯಾಕ್ಟಿಕ್ಸ್. ಇಷ್ಟು ಸೋತರೆ ರೋಮಿನ ಮಿತ್ರರೆಲ್ಲ ತನ್ನ ಕಡೆ ಬರ್ತಾರೆ ಅಂತ ಅವನ ಲೆಕ್ಕ, ಕೆಲವರು ಬಂದ್ರು, ಬಹಳಷ್ಟು ಜನ ಬರ್ಲಿಲ್ಲ. ಕ್ಯಾನೆಗೆ ಒಂದು ವರ್ಷ ಮೊದಲೇ ರೋಮಿನ ಸೇನಾಪತಿ ಫೇಬಿಯಸ್, ಹ್ಯಾನಿಬಲ್ ಜೊತೆ ನೇರ ಕಾಳಗವೇ ಬೇಡ, ಸತಾಯಿಸಿ ಸುಸ್ತು ಮಾಡೋಣ ಅಂದಿದ್ದ, ಅದು ಸ್ಟ್ರಾಟೆಜಿ. ಜನ ಅವನನ್ನ ಹೇಡಿ ಅಂತ ಆಡ್ಕೊಂಡ್ರು. ಕ್ಯಾನೆಯಲ್ಲಿ ಪೆಟ್ಟು ತಿಂದ ಮೇಲೆ ಅದೇ ದಾರಿಗೆ ಬಂದ್ರು, ಕೊನೆಗೆ ಕ್ರಿ.ಪೂ. 202ರಲ್ಲಿ ಜಾಮಾ ಅನ್ನೋ ಕಡೆ ನಡೆದ ಕಾಳಗದಲ್ಲಿ ಹ್ಯಾನಿಬಲ್ ಸೋತ.

ನೀವು ದಿನಾ ಒಂದೊಂದು ಕ್ಯಾನೆ ಗೆಲ್ತಿದೀರಿ ಕಣ್ರೀ. ಕ್ಲೈಂಟ್ ಕೂಗಿದ ತಕ್ಷಣ ಹೇಗೆ ಸರಿ ಮಾಡೋದು ಅನ್ನೋದು ನಿಮಗೆ ಚೆನ್ನಾಗಿ ಗೊತ್ತು, ಅವರು ಪ್ರತಿ ವಾರ ಯಾಕೆ ಕೂಗ್ತಾರೆ, ಇವರಲ್ಲಿ ಯಾರ ಕೆಲಸ ನಾವು ಒಪ್ಕೊಳ್ಳಲೇಬಾರದಿತ್ತು ಅಂತ ಕೂತು ಯೋಚ್ನೆ ಮಾಡಿದೀರಾ? ಯಾವ ಜಗಳಕ್ಕೆ ಇಳೀಬಾರದು ಅಂತ ಮೊದಲೇ ತೀರ್ಮಾನ ಮಾಡೋದೇ ಸ್ಟ್ರಾಟೆಜಿಯಲ್ಲಿ ಮುಕ್ಕಾಲು ಪಾಲು. ಅದರಲ್ಲಿ ಚಪ್ಪಾಳೆ ಸಿಗಲ್ಲ, ಎಲ್ಲರೆದುರು ಗಂಟು ಬಿಡಿಸೋದ್ರಲ್ಲಿ ಸಿಗುತ್ತೆ, ನಿಮಗೆ ಅದು ಸ್ವಲ್ಪ ರುಚಿ ಹತ್ತಿದೆ ಅಂತ ನಂಗೆ ಗುಮಾನಿ. ಬೇಜಾರಾಗ್ಬೇಡಿ, ಒಳ್ಳೇ ಕೆಲಸಗಾರರು ಲೀಡ್ ಆದಾಗ ಇದೇ ಆಗೋದು.

ಇನ್ನೊಂದು, ನಿಮ್ಮ ಬಾಸ್ ಹತ್ರ ಸ್ಟ್ರಾಟೆಜಿ ಇದೆಯಾ ಅಂತಾನೂ ನೋಡ್ಕೊಳ್ಳಿ. ಎಷ್ಟೋ ಜನ ಆ ಪದಾನ ಬರೀ ಬೈಯೋಕೆ ಬಳಸ್ತಾರೆ. "ಸರ್, ಮುಂದಿನ ವರ್ಷ ಇಷ್ಟೊತ್ತಿಗೆ ಈ ಟೀಮ್ ಎಲ್ಲಿರಬೇಕು, ಅದಕ್ಕೆ ನಾನು ಯಾವ ಕೆಲಸ ಬಿಡಬಹುದು" ಅಂತ ನೇರವಾಗಿ ಕೇಳಿ. ಎರಡನೇ ಪ್ರಶ್ನೆಗೆ ಅವರು ತಡಬಡಾಯಿಸಿದ್ರೆ ತಪ್ಪು ನಿಮ್ಮೊಬ್ಬರದೇ ಅಲ್ಲ.

ಪೋಸ್ಟ್ ಬಿಡೋ ಮಾತು ಮೂರು ತಿಂಗಳು ಪಕ್ಕಕ್ಕಿಡಿ. ಅಷ್ಟರಲ್ಲಿ ಬಿಟ್ಟು ಹೋದ ಆ ಇಬ್ಬರಲ್ಲಿ ಒಬ್ಬರಿಗಾದ್ರೂ ಫೋನ್ ಮಾಡಿ ಯಾಕೆ ಹೋದ್ರಿ ಅಂತ ಕೇಳಿ, ಅವರು ಹೇಳುವಾಗ ಮಧ್ಯ ಬಾಯಿ ಹಾಕ್ಬೇಡಿ. ಏನಂದ್ರು ಅಂತ ನಂಗೂ ಬರೀರಿ.