ಕ್ವಾರ್ಟರ್‌ಬ್ಯಾಕ್ ಪಾದ ಮುರಿದುಕೊಂಡರೆ ಕಾಲೇಜು ತಂಡ ಏನು ಮಾಡುತ್ತದೆ?

ಅಮೆರಿಕದಲ್ಲಿ ಮೊದಲ ವರ್ಷ ಓದುತ್ತಿರುವ ನಿಮ್ಮ ಅಕ್ಕನ ಮಗ ಫೋನ್ ಮಾಡಿದ್ದ ಅಂದಿರಿ. ಅವರ ಕಾಲೇಜು ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್‌ನ ಪಾದಕ್ಕೆ ಆಪರೇಷನ್ ಆಗಿದೆಯಂತೆ, ಊರಿಗೆ ಊರೇ ಸಪ್ಪಗಾಗಿದೆಯಂತೆ, ಆ ಹುಡುಗ ಇವನ ಕ್ಲಾಸಿನವನೇ ಅಂತೆ. ಮೈದಾನದಲ್ಲಿ ಇನ್ನೂ ಹತ್ತು ಜನ, ಬೆಂಚಿನಲ್ಲಿ ಇನ್ನೆಷ್ಟೋ ಜನ ಇರುವಾಗ ಒಬ್ಬನ ಪಾದಕ್ಕೆ ಇಷ್ಟು ಸಂಕಟ ಯಾಕೆ, ತಂಡ ಇದನ್ನು ಹೇಗೆ ದಾಟುತ್ತದೆ ಎಂಬುದು ನಿಮ್ಮ ಪ್ರಶ್ನೆ.

ನಾನು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಐದು ವರ್ಷ ಓದಿದ್ದೇನೆ. ನಾನಿದ್ದ ಮನೆಯಿಂದ ಕ್ಯಾಂಪ್ ರ‍್ಯಾಂಡಲ್ ಸ್ಟೇಡಿಯಂಗೆ ನಡೆದು ಹೋಗಬಹುದಿತ್ತು. 2020ರಲ್ಲಿ ನೀವು ಕೇಳಿದಂಥದ್ದೇ ಅಲ್ಲಿ ನಡೆಯಿತು. ಆ ಒಂದು ಸೀಸನ್ ಹೇಳಿದರೆ ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ಸಿಗುತ್ತದೆ.

ಅದಕ್ಕೂ ಮೊದಲು ಆಟ. ಇದು ನಾವು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡು, ಬಹುಪಾಲು ಕೈಯಲ್ಲೇ ಆಟ. ಪ್ರತಿ ಬಾರಿಯೂ ಸೆಂಟರ್ ಎಂಬ ಆಟಗಾರ ಬಗ್ಗಿ, ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುತ್ತಾನೆ. ಅದನ್ನು ಹಿಡಿಯುವವನೇ ಕ್ವಾರ್ಟರ್‌ಬ್ಯಾಕ್. ಅವನಿಗೆ ಸಿಗುವುದು ಸುಮಾರು ಮೂರು ಸೆಕೆಂಡು. ಅಷ್ಟರಲ್ಲಿ ಎದುರಾಳಿಗಳು ಹೇಗೆ ನಿಂತಿದ್ದಾರೆ ನೋಡಬೇಕು, ಓಡುತ್ತಿರುವ ತನ್ನವರಲ್ಲಿ ಯಾರು ಬಿಡುವಾಗಿದ್ದಾರೆ ಕಂಡುಕೊಳ್ಳಬೇಕು, ಮೈಮೇಲೆ ಬೀಳಲು ಬರುವವರಿಂದ ತಪ್ಪಿಸಿಕೊಳ್ಳುತ್ತಲೇ ಎಸೆಯಬೇಕು. ಉಳಿದ ಹತ್ತು ಜನರ ಓಟ, ತಡೆ, ತಿರುವು ಎಲ್ಲವೂ ಅವನ ಕೂಗಿಗೆ, ಅವನ ಲಯಕ್ಕೆ ಹೊಂದಿಕೊಂಡಿರುತ್ತದೆ. ಕ್ರಿಕೆಟ್‌ನಲ್ಲಿ ಒಬ್ಬ ಬ್ಯಾಟ್ಸ್‌ಮನ್ ಹೋದರೆ ಇನ್ನೊಬ್ಬ ತನ್ನ ಆಟವನ್ನು ತಾನು ಆಡಬಹುದು. ಇಲ್ಲಿ ಕ್ವಾರ್ಟರ್‌ಬ್ಯಾಕ್ ಬದಲಾದರೆ ಹತ್ತು ಜನರ ಗಡಿಯಾರವನ್ನೂ ತಿರುಗಿಸಿ ಇಡಬೇಕಾಗುತ್ತದೆ.

ಎಸೆಯುವುದು ಕೈಯಾದರೂ ಬಲ ಬರುವುದು ಪಾದದಿಂದ. ಬಲಗೈಯವನಾದರೆ ಬಲಗಾಲನ್ನು ಹಿಂದೆ ಊರಿ ನೆಲ ಒತ್ತುತ್ತಾನೆ. ತೂಕ ಎಡಗಾಲಿಗೆ ದಾಟುತ್ತದೆ, ಸೊಂಟ ತಿರುಗುತ್ತದೆ, ಆಮೇಲೆ ಭುಜ, ಕೊನೆಗೆ ಮೊಣಕೈ, ಮಣಿಕಟ್ಟು. ಹಿಂದಿನ ಪಾದ ನೆಲವನ್ನು ನಂಬದಿದ್ದರೆ ಚೆಂಡು ತೇಲಿ ಹೋಗುತ್ತದೆ. ತೇಲುವ ಚೆಂಡನ್ನು ಎದುರಾಳಿ ಹಿಡಿಯುತ್ತಾನೆ.

ಪಾದದ ವಿಷಯ ನನಗೆ ಓದಿ ಮಾತ್ರ ಗೊತ್ತಾದದ್ದಲ್ಲ. 2019ರ ಫೆಬ್ರವರಿಯಲ್ಲಿ ಹಿಮಗಟ್ಟಿದ ಫುಟ್‌ಪಾತ್ ಮೇಲೆ ಜಾರಿ, ಕಿರುಬೆರಳಿನ ಹಿಂದಿನ ಉದ್ದ ಮೂಳೆ ಮುರಿದುಕೊಂಡೆ. ಮೊದಲು ನೋಡಿದವರು ಉಳುಕು ಅಂತ ಹೇಳಿ ಕಳುಹಿಸಿದರು. ಹತ್ತು ದಿನ ಅದೇ ಕಾಲಿನಲ್ಲಿ ಓಡಾಡಿದೆ. ಇನ್ನೊಂದು ಎಕ್ಸ್‌ರೇಯಲ್ಲಿ ಗೆರೆ ಕಂಡಿತು. ಆಗ ಗೊತ್ತಾಯಿತು, ಒಂದು ಪಾದದಲ್ಲಿ 26 ಮೂಳೆಗಳಿವೆ, ಅವುಗಳಲ್ಲಿ ಕೆಲವಕ್ಕೆ ರಕ್ತ ಸರಿಯಾಗಿ ಹರಿಯುವುದೇ ಇಲ್ಲ. ಕಿರುಬೆರಳಿನ ಆ ಮೂಳೆಯ ಬುಡದ ಬಳಿ ಒಂದು ಜಾಗವಿದೆ, ಅಲ್ಲಿ ಮುರಿದರೆ ಕೂಡುವುದು ತೀರಾ ನಿಧಾನ. ಅದಕ್ಕೆ ಜೋನ್ಸ್ ಮುರಿತ ಅನ್ನುತ್ತಾರೆ. ಲಿವರ್‌ಪೂಲ್‌ನ ಸರ್ಜನ್ ರಾಬರ್ಟ್ ಜೋನ್ಸ್ 1902ರಲ್ಲಿ ಅದನ್ನು ವಿವರಿಸಿದಾಗ ಬರೆದದ್ದು ಬೇರೆ ರೋಗಿಗಳ ಜೊತೆಗೆ ತನ್ನ ಪಾದದ ಕಥೆಯನ್ನೂ; ನೃತ್ಯ ಮಾಡುವಾಗ ಮುರಿದಿತ್ತು. ಆಟಗಾರರಿಗೆ ಅಲ್ಲಿ ಉದ್ದ ಸ್ಕ್ರೂ ಹಾಕುತ್ತಾರೆ, ಯಾಕೆಂದರೆ ಹಾಗೇ ಬಿಟ್ಟರೆ ಕೂಡದೆ ಉಳಿಯುವ ಅಥವಾ ಕೂಡಿದ ಮೇಲೂ ಮತ್ತೆ ಮುರಿಯುವ ಭಯ ಹೆಚ್ಚು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು, ಪಾದದ ನಡುವಿನ ಲಿಸ್‌ಫ್ರಾಂಕ್ ಕೀಲಿನ ಪೆಟ್ಟು. ನೆಪೋಲಿಯನ್ ಕಾಲದ ಫ್ರೆಂಚ್ ಸರ್ಜನ್ ಒಬ್ಬನ ಹೆಸರು ಅದು. ಹಿಮ್ಮಡಿ ಮೇಲೆದ್ದು ಬೆರಳುಗಳು ನೆಲದಲ್ಲಿ ಸಿಕ್ಕಿಕೊಂಡಾಗ ಹಿಂದಿನಿಂದ ಯಾರಾದರೂ ಮೇಲೆ ಬಿದ್ದರೆ ಪಾದದ ಕಮಾನನ್ನು ಹಿಡಿದಿಟ್ಟ ಕಟ್ಟು ಹರಿಯುತ್ತದೆ. ಸುಮ್ಮನೆ ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಅದು ಕಾಣದೆ ಹೋಗಬಹುದು. ಎದ್ದು ನಿಂತು ತೂಕ ಬಿಟ್ಟಾಗ ಮೂಳೆಗಳ ನಡುವೆ ಬಿರುಕು ತೆರೆದುಕೊಳ್ಳುತ್ತದೆ. ಪ್ಲೇಟು, ಸ್ಕ್ರೂ, ವಾರಗಟ್ಟಲೆ ಕಾಲು ಊರುವಂತಿಲ್ಲ, ತಿಂಗಳುಗಟ್ಟಲೆ ಓಡುವಂತಿಲ್ಲ. ಕಾಲೇಜು ಫುಟ್‌ಬಾಲ್ ಸೀಸನ್ ಶುರುವಾಗುವುದು ಆಗಸ್ಟ್ ಕೊನೆಗೆ, ಸಾಮಾನ್ಯ ಪಂದ್ಯಗಳು ಮುಗಿಯುವುದು ನವೆಂಬರ್ ಕೊನೆಗೆ. ನಿಮ್ಮ ಅಕ್ಕನ ಮಗ ಹೇಳಿದ ಆಪರೇಷನ್ ಇಂಥದ್ದಾದರೆ ಈ ವರ್ಷದ ಮಟ್ಟಿಗೆ ಆ ಹುಡುಗನ ಆಟ ಮುಗಿದಂತೆ. ಊರು ಸಪ್ಪಗಾಗಿರುವುದು ಅದಕ್ಕೇ.

ಈಗ ಮ್ಯಾಡಿಸನ್. 2019ರಲ್ಲಿ ವಿಸ್ಕಾನ್ಸಿನ್‌ನ ಕ್ವಾರ್ಟರ್‌ಬ್ಯಾಕ್ ಆಗಿದ್ದವನು ಜ್ಯಾಕ್ ಕೋನ್. ಅಬ್ಬರವಿಲ್ಲದ, ತಪ್ಪು ಕಡಿಮೆ ಮಾಡುವ ಹುಡುಗ. ತಂಡ ಹತ್ತು ಪಂದ್ಯ ಗೆದ್ದು, 2020ರ ಜನವರಿ 1ರಂದು ರೋಸ್ ಬೌಲ್ ಎಂಬ ಸೀಸನ್ ಕೊನೆಯ ದೊಡ್ಡ ಪಂದ್ಯದಲ್ಲಿ ಒರೆಗಾನ್‌ಗೆ 28-27ರಿಂದ ಒಂದೇ ಅಂಕದಲ್ಲಿ ಸೋತಿತ್ತು. ಮುಂದಿನ ಸೀಸನ್ ಕೂಡ ಅವನದೇ ಎಂದಿದ್ದರು. ಅಷ್ಟರಲ್ಲಿ ಕೋವಿಡ್ ಬಂತು. ವಿಸ್ಕಾನ್ಸಿನ್ ಆಡುವ ಕಾಲೇಜು ತಂಡಗಳ ಕೂಟ, ಬಿಗ್ ಟೆನ್ ಕಾನ್ಫರೆನ್ಸ್, ಆಗಸ್ಟ್‌ನಲ್ಲಿ ಸೀಸನ್ ಮುಂದೂಡಿತು, ಸೆಪ್ಟೆಂಬರ್‌ನಲ್ಲಿ ಮನಸ್ಸು ಬದಲಾಯಿಸಿ ಅಕ್ಟೋಬರ್ ಕೊನೆಗೆ ಶುರು ಅಂದಿತು. ಮೊದಲ ಪಂದ್ಯಕ್ಕೆ ಮೂರು ವಾರ ಇರುವಾಗ ಪ್ರಾಕ್ಟೀಸಿನಲ್ಲಿ ಕೋನ್‌ನ ಬಲ ಪಾದಕ್ಕೆ ಪೆಟ್ಟಾಯಿತು, ಆಪರೇಷನ್ ಆಯಿತು. ಅವನು ಬಲಗೈ ಆಟಗಾರ. ಅಂದರೆ ನಾನು ಮೇಲೆ ಹೇಳಿದ, ನೆಲ ಒತ್ತುವ ಪಾದವೇ ಅದು.

ಅವನ ಹಿಂದೆ ಸರದಿಯಲ್ಲಿ ನಿಂತಿದ್ದವನು ಗ್ರಹಾಂ ಮರ್ಟ್ಸ್, ಕ್ಯಾನ್ಸಸ್‌ನಿಂದ ಬಂದವನು, ಮ್ಯಾಡಿಸನ್‌ನವರೆಲ್ಲ ಬಹಳ ಆಸೆ ಇಟ್ಟುಕೊಂಡಿದ್ದ ಹುಡುಗ. ಹಿಂದಿನ ವರ್ಷ ಆಡಿದ್ದು ಎರಡೇ ಪಂದ್ಯಗಳಲ್ಲಿ, ಅದೂ ಸ್ವಲ್ಪ ಹೊತ್ತು.

ಇಂಥ ಹೊತ್ತಿನಲ್ಲಿ ತಂಡ ಮಾಡುವ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಸಾಮಾನ್ಯ ವಾರದಲ್ಲಿ ಪ್ರಾಕ್ಟೀಸಿನ ಬಹುಪಾಲು ಸರದಿ ಮೊದಲನೆಯವನಿಗೇ ಹೋಗುತ್ತದೆ. ಎರಡನೆಯವನು ನಿಂತು ನೋಡಿ ಕಲಿಯುವುದೇ ಹೆಚ್ಚು. ಆ ಲೆಕ್ಕ ರಾತ್ರೋರಾತ್ರಿ ತಿರುಗುತ್ತದೆ. ಸೆಂಟರ್ ಹೊಸಬನ ಜೊತೆ ದಿನಕ್ಕೆ ನೂರಾರು ಸಲ ಚೆಂಡು ಕೊಟ್ಟು ತೆಗೆದುಕೊಂಡು ಮಾಡುತ್ತಾನೆ. ಇವನು ಕೂಗುವ ದನಿಯ ಏರಿಳಿತ ಬೇರೆ, ಅದನ್ನು ಕಿವಿಗೆ ಕೂರಿಸಿಕೊಳ್ಳದಿದ್ದರೆ ಎದುರಾಳಿಗಳನ್ನು ತಡೆಯುವ ಐದು ಜನ ಲೈನ್‌ಮೆನ್ ಒಟ್ಟಿಗೆ ಏಳುವುದಿಲ್ಲ. ಓಡಿ ಹಿಡಿಯುವವರು ಪ್ರಾಕ್ಟೀಸ್ ಮುಗಿದ ಮೇಲೂ ಉಳಿದು ಇವನ ಎಸೆತ ಎಷ್ಟು ಬೇಗ ಬರುತ್ತದೆ, ಎಲ್ಲಿ ಇಳಿಯುತ್ತದೆ ಅಂತ ಅಳತೆ ಹಾಕುತ್ತಾರೆ. ಕೋಚ್‌ಗಳು ತಂಡದ ಆಟದ ತಂತ್ರಗಳನ್ನೆಲ್ಲ ಬರೆದಿಟ್ಟ ಪುಸ್ತಕವನ್ನು ತೆಳ್ಳಗೆ ಮಾಡುತ್ತಾರೆ. ಹುಡುಗನಿಗೆ ಯಾವುದು ಇಷ್ಟ, ಯಾವುದರಲ್ಲಿ ಕೈ ನಡುಗುವುದಿಲ್ಲ ಎಂದು ಅವನನ್ನೇ ಕೇಳಿ, ಅಷ್ಟನ್ನೇ ಉಳಿಸಿಕೊಳ್ಳುತ್ತಾರೆ. ಮೊದಲಿಗೆ ಸುಲಭದ ಗಿಡ್ಡ ಎಸೆತ, ಟೈಟ್ ಎಂಡ್ ಎಂಬ, ತಡೆಯುವುದನ್ನೂ ಹಿಡಿಯುವುದನ್ನೂ ಮಾಡುವ ದೊಡ್ಡ ಮೈಯ ಆಟಗಾರನ ಕಡೆಗೆ. ಉಸಿರು ಹಿಡಿತಕ್ಕೆ ಬಂದ ಮೇಲೆ ಉದ್ದದ್ದು.

ಗಾಯಗೊಂಡವನು ಮನೆಗೆ ಹೋಗಿ ಮಲಗುತ್ತಾನೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಪಾದ ಅಲುಗದಂತೆ ಹಿಡಿಯುವ ದೊಡ್ಡ ಬೂಟು ಹಾಕಿಕೊಂಡೇ ಮೀಟಿಂಗ್‌ಗೆ ಬರುತ್ತಾನೆ, ವೀಡಿಯೊ ನೋಡುತ್ತಾನೆ, ಪಂದ್ಯದ ದಿನ ಅಂಚಿನಲ್ಲಿ ನಿಂತಿರುತ್ತಾನೆ. ಎದುರಾಳಿ ಯಾವ ಮೂಲೆಯಿಂದ ನುಗ್ಗುತ್ತಾನೆ ಅಂತ ಹೊಸಬನ ಕಿವಿಯಲ್ಲಿ ಹೇಳಬಲ್ಲವನು ಅವನೊಬ್ಬನೇ. ಕೋಚ್‌ಗೆ ಆಟ ಗೊತ್ತು, ಆದರೆ ಆ ಜಾಗದಲ್ಲಿ ನಿಂತು ನೋಡಿದರೆ ಹೇಗೆ ಕಾಣುತ್ತದೆ ಎಂಬುದು ಆಡಿದ ಹುಡುಗನಿಗೆ ಗೊತ್ತು. ತನ್ನ ಜಾಗ ಕಸಿಯಬಲ್ಲವನಿಗೆ ತಾನೇ ಪಾಠ ಹೇಳಿಕೊಡುವುದು ಇಪ್ಪತ್ತೆರಡರ ವಯಸ್ಸಿಗೆ ಸಣ್ಣ ಮಾತಲ್ಲ.

2020ರ ಅಕ್ಟೋಬರ್ 23, ಶುಕ್ರವಾರ ರಾತ್ರಿ, ಇಲಿನಾಯ್ ವಿರುದ್ಧ. ಸ್ಟೇಡಿಯಂ ಪ್ರೇಕ್ಷಕರಿಲ್ಲದೆ ಖಾಲಿ. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿದಾಗ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕುಣಿಯುವ ಜಾಗ ಅದು, ಬೇರೆ ವರ್ಷ ಆ ಗದ್ದಲ ನನ್ನ ಅಡುಗೆಮನೆಗೂ ಕೇಳುತ್ತಿತ್ತು. ಆ ರಾತ್ರಿ ಕಿಟಕಿ ತೆರೆದರೆ ಬರೀ ಗಾಳಿ. ಟಿವಿಯಲ್ಲಿ ಮರ್ಟ್ಸ್ ಎಸೆಯತೊಡಗಿದ. ಮೊದಲ 17 ಎಸೆತಗಳೂ ತನ್ನವರ ಕೈಗೇ ಸೇರಿದವು. ಕೊನೆಗೆ 21ರಲ್ಲಿ 20, 248 ಗಜ, ಐದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು). ಅವುಗಳಲ್ಲಿ ಮೂರು ಟೈಟ್ ಎಂಡ್ ಜೇಕ್ ಫರ್ಗುಸನ್‌ಗೆ. 45-7. ನನ್ನ ರೂಮ್‌ಮೇಟ್ ಮ್ಯಾಡಿಸನ್‌ನಲ್ಲೇ ಹುಟ್ಟಿ ಬೆಳೆದವನು, ನನಗೆ ಈ ಆಟ ಕಲಿಸಿದವನು. ಕುರ್ಚಿಯಿಂದ ಏಳದೆ, ಮಾತಾಡದೆ ಕೂತಿದ್ದ. ಕೊನೆಗೆ ಕೇಳಿದ್ದು ಒಂದೇ: ಈಗ ಜ್ಯಾಕ್ ಎಲ್ಲಿ ಕೂತು ನೋಡುತ್ತಿರಬಹುದು?

ಆ ಪಂದ್ಯವೊಂದನ್ನೇ ನೋಡಿ ಎರಡನೆಯವನು ಬಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡರೆ ತಪ್ಪು. ಕೆಲವೇ ದಿನಕ್ಕೆ ಮರ್ಟ್ಸ್‌ಗೆ ಕೋವಿಡ್ ಬಂತು. ಬಿಗ್ ಟೆನ್ ನಿಯಮದಂತೆ 21 ದಿನ ಹೊರಗೆ. ಕೋಚ್ ಪಾಲ್ ಕ್ರಿಸ್ಟ್ ಅವರಿಗೂ ಬಂತು. ನೆಬ್ರಾಸ್ಕ, ಪರ್ಡ್ಯೂ ಪಂದ್ಯಗಳು ರದ್ದು. ನವೆಂಬರ್ 14ಕ್ಕೆ ಮರಳಿ ಮಿಷಿಗನ್ ಅನ್ನು 49-11ರಿಂದ ಹೊಡೆದರು. ಆಮೇಲೆ ಇಳಿಜಾರು. ಓಡಿ ಹಿಡಿಯುವ ಮುಖ್ಯ ರಿಸೀವರ್‌ಗಳಿಬ್ಬರೂ ಗಾಯಗೊಂಡರು. ನಾರ್ತ್‌ವೆಸ್ಟರ್ನ್ ವಿರುದ್ಧ 7 ಅಂಕ, ಇಂಡಿಯಾನಾ ವಿರುದ್ಧ 6, ಅಯೋವಾ ವಿರುದ್ಧ 7. ಮೂರೂ ಸೋಲು. ಮೂರು ಪಂದ್ಯ ಸೇರಿ 20 ಅಂಕ. ಎದುರಾಳಿಗಳ ಕೈಗೂ ಈಗ ಮರ್ಟ್ಸ್‌ನ ವೀಡಿಯೊ ಬಂದಿತ್ತು, ಅವನ ಕಣ್ಣು ಮೊದಲು ಯಾವ ಕಡೆ ಹೋಗುತ್ತದೆ ಅಂತ ಅವರೂ ಓದಿಕೊಂಡು ಬರುತ್ತಿದ್ದರು. ಹೊಸಬನ ನಿಜವಾದ ಪರೀಕ್ಷೆ ಮೊದಲ ಪಂದ್ಯವಲ್ಲ, ನಾಲ್ಕನೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೀಸನ್ ಮುಗಿದಾಗ ನಾಲ್ಕು ಗೆಲುವು, ಮೂರು ಸೋಲು.

ಇದಕ್ಕಿಂತ ಚೆನ್ನಾಗಿ ದಾಟಿದ ತಂಡವೂ ಇದೆ. 2014ರಲ್ಲಿ ಒಹಾಯೊ ಸ್ಟೇಟ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಸೀಸನ್‌ಗೂ ಮುಂಚೆ ಭುಜ ಕೆಡಿಸಿಕೊಂಡ. ಎರಡನೆಯವನು ಜೆ.ಟಿ. ಬ್ಯಾರೆಟ್ ಮಿಷಿಗನ್ ವಿರುದ್ಧ ಕಣಕಾಲು ಮುರಿದುಕೊಂಡ. ಮೂರನೆಯವನು ಕಾರ್ಡೇಲ್ ಜೋನ್ಸ್ ಬಂದು ವಿಸ್ಕಾನ್ಸಿನ್ ಅನ್ನು 59-0ರಿಂದ ಸೋಲಿಸಿದ (ಮ್ಯಾಡಿಸನ್‌ನಲ್ಲಿ ಈ ಅಂಕಿಯನ್ನು ಯಾರೂ ಜೋರಾಗಿ ಹೇಳುವುದಿಲ್ಲ), ಆಮೇಲೆ ಅಲಬಾಮಾ, ಒರೆಗಾನ್ ಎರಡನ್ನೂ ಮಣಿಸಿ ರಾಷ್ಟ್ರೀಯ ಚಾಂಪಿಯನ್ ಆದರು. ಮೂರನೆಯವನನ್ನೂ ಮೊದಲನೆಯವನಂತೆ ತಯಾರು ಮಾಡಿಟ್ಟಿದ್ದರು ಎಂಬುದಲ್ಲದೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಇನ್ನೊಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 2023ರ ನವೆಂಬರ್ 18ರಂದು ಫ್ಲಾರಿಡಾ ಸ್ಟೇಟ್‌ನ ಜೋರ್ಡನ್ ಟ್ರಾವಿಸ್ ಎಡಗಾಲಿಗೆ ಭಾರಿ ಪೆಟ್ಟಾಗಿ ಹೊರಗೆ ಹೋದ. ತಂಡ ಎರಡನೆಯವನನ್ನು ಇಟ್ಟುಕೊಂಡು ಗೆದ್ದಿತು, ಅವನೂ ಗಾಯಗೊಂಡಾಗ ಮೊದಲ ವರ್ಷದ ಹುಡುಗನನ್ನು ಇಳಿಸಿ ಕಾನ್ಫರೆನ್ಸ್ ಪ್ರಶಸ್ತಿಯನ್ನೂ ಗೆದ್ದಿತು. 13 ಪಂದ್ಯ, 13 ಗೆಲುವು. ಆದರೂ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ, ಆಗ ನಾಲ್ಕೇ ತಂಡಗಳಿದ್ದ ಪ್ಲೇಆಫ್‌ಗೆ ಸಮಿತಿ ಅವರನ್ನು ಆರಿಸಲಿಲ್ಲ. ಟ್ರಾವಿಸ್ ಇಲ್ಲದ ತಂಡ ಮೊದಲಿನ ತಂಡವಲ್ಲ ಎಂಬುದು ಕಾರಣ. ಒಂದು ಕಾಲಿನ ಪೆಟ್ಟಿಗೆ ಇಡೀ ತಂಡ, ಗೆದ್ದೂ ದಂಡ ತೆತ್ತಿತು. ಗೆದ್ದವರನ್ನು ಹೊರಗಿಟ್ಟದ್ದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಮತ್ತೆ ಕೋನ್‌ಗೆ ಬರುತ್ತೇನೆ. ಆ ಸೀಸನ್‌ನಲ್ಲಿ ಅವನು ಒಂದು ಪಂದ್ಯವನ್ನೂ ಆಡಲಿಲ್ಲ. ಪಾದ ವಾಸಿಯಾಗುವ ಹೊತ್ತಿಗೆ ಜಾಗ ಇನ್ನೊಬ್ಬನದಾಗಿತ್ತು. ಯಾರೂ ಮೋಸ ಮಾಡಲಿಲ್ಲ, ಕಾಲೇಜು ಆಟ ಇರುವುದೇ ಹಾಗೆ. ಇರುವುದು ಕೆಲವೇ ವರ್ಷ, ಹಿಂದೆ ಸಾಲು ನಿಂತಿರುತ್ತದೆ. ಅವನು ನೋಟರ್‌ಡೇಮ್ ಎಂಬ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋದ. 2021ರ ಸೆಪ್ಟೆಂಬರ್ 25ರಂದು ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ತನ್ನ ಹಳೆಯ ತಂಡದ ಎದುರು ನಿಂತ. ಆ ದಿನ ಮತ್ತೆ ಕಾಲಿಗೆ ಪೆಟ್ಟಾಗಿ ಅರ್ಧದಲ್ಲೇ ಹೊರಗೆ ಬಂದ, ಆದರೂ ಅವನ ತಂಡ 41-13ರಿಂದ ಗೆದ್ದಿತು. ನಾನು ವಿಸ್ಕಾನ್ಸಿನ್‌ನ ಕೆಂಪು ಅಂಗಿ ತೊಟ್ಟು ಕೂತಿದ್ದೆ, ಅವನು ಕುಂಟುವುದನ್ನು ನೋಡಿ ಅಂಕಪಟ್ಟಿ ಮರೆತೇಹೋಯಿತು. ಸೀಸನ್ ಕೊನೆಗೆ, 2022ರ ಜನವರಿ 1ರ ಫಿಯೆಸ್ಟಾ ಬೌಲ್‌ನಲ್ಲಿ ಓಕ್ಲಹೋಮ ಸ್ಟೇಟ್‌ಗೆ ಸೋತರೂ 509 ಗಜ ಎಸೆದ, ಐದು ಟಚ್‌ಡೌನ್. ಅದೇ ಬಲ ಪಾದವನ್ನು ನೆಲಕ್ಕೆ ಒತ್ತಿ.

ನಿಮ್ಮ ಅಕ್ಕನ ಮಗನ ಕ್ಲಾಸಿನಲ್ಲಿ ಆ ಹುಡುಗ ಇರುವುದಾದರೆ ಒಂದು ಮಾತು. ಕೆಲವು ವಾರ ಅವನು ಊರುಗೋಲಿನಲ್ಲೋ, ಮೊಣಕಾಲು ಊರಿ ತಳ್ಳಿಕೊಂಡು ಹೋಗುವ ಸಣ್ಣ ಗಾಡಿಯಲ್ಲೋ ಬರುತ್ತಾನೆ. ಎದುರಾದವರೆಲ್ಲ ಯಾವಾಗ ಮತ್ತೆ ಆಡುತ್ತೀಯ ಅಂತಲೇ ಕೇಳುತ್ತಿರುತ್ತಾರೆ, ಅದಕ್ಕೆ ಉತ್ತರ ಅವನಿಗೂ ಗೊತ್ತಿರುವುದಿಲ್ಲ. ನನ್ನ ಕಾಲು ಬೂಟಿನಲ್ಲಿದ್ದ ಆರು ವಾರ, ಲ್ಯಾಬಿನ ಒಬ್ಬ ಹುಡುಗಿ ಏನೂ ಕೇಳದೆ ದಿನಾ ನನ್ನ ಊಟದ ಟ್ರೇ ಎತ್ತಿಕೊಂಡು ಮೇಜಿನವರೆಗೆ ಬರುತ್ತಿದ್ದಳು. ನಿಮ್ಮ ಹುಡುಗನಿಗೆ ಹೇಳಿ, ಆ ಪ್ರಶ್ನೆ ಬಿಟ್ಟು, ಟ್ರೇ ಎತ್ತಿಕೊಳ್ಳಲಿ.